ಗಾಲಿಗೆ ಕೊಡದ ಕಲ್ಲು

ಹೋದ ಭಾನುವಾರ ನನ್ನ ತಂಗಿಯ ಮೊಮ್ಮಗಳು ತನ್ನ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ತಿಪಟೂರಿನ ನಮ್ಮ ಮನೆಗೆ ಬಂದಳು. ಮುಂದಿನ ಚಕ್ರದಿಂದ ಗುಂಯ್ ಎಂಬ ಸದ್ದು ಬರುತ್ತಿತ್ತಂತೆ. ಬೇರಿಂಗ್ ಇರಬೇಕು ಎಂದು ಬಗ್ಗಿ ನೋಡಿದಳು. ಕಾದ ಗ್ರೀಸಿನ ವಾಸನೆ ವರಾಂಡದವರೆಗೂ ಬಂತು. ಓದುತ್ತಿದ್ದ ಪೇಪರ್ ಮಡಿಚಿಟ್ಟೆ. ನನ್ನ ಪಾಲಿಗೆ ಆ ವಾಸನೆ ಒಬ್ಬರದೇ...

ಅವರು ನಾನು ಪ್ರಾಯದವಳಿದ್ದಾಗ ನಮ್ಮ ಜೀಪ್ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ. ಕೊಬ್ಬರಿ ಮಂಡಿಗಳ ಹಿಂದೆ ಅವರದೊಂದು ತಗಡಿನ ಶೆಡ್ ಇತ್ತು. ಚಿಕ್ಕನಾಯಕನಹಳ್ಳಿ ಕಡೆ ಗುಡ್ಡದ ಮಗ್ಗುಲಲ್ಲಿ ನಮ್ಮ ತೆಂಗಿನ ತೋಟ. ಆ ಏರು ಹತ್ತಲೆಂದೇ ನಮ್ಮ ಯಜಮಾನರು ಹಳೆಯ ಮಿಲಿಟರಿ ಜೀಪ್ ಕೊಂಡಿದ್ದರು. ಸ್ವಲ್ಪ ಸ್ಪೀಡ್ ಹಿಡಿದರೆ ಮುಂದಿನ ಚಕ್ರಗಳು ಗಡಗಡ ನಡುಗಿ ಸ್ಟೀರಿಂಗ್ ಕೈಗೇ ಸಿಗುತ್ತಿರಲಿಲ್ಲ. "ಮುದುಕ್ರು ತಲೆ ಆಡಿಸ್ದಂಗೆ ಆಡಿಸ್ತೈತೆ ಕಣ್ರೀ ಇದು" ಎನ್ನುತ್ತಿದ್ದರು ಮೇಸ್ತ್ರಿ.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವ ವಿಷಯದಲ್ಲಿ ಮಾತ್ರ ಅವರು ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾನ್ವೆಂಟಿನ ಮದರ್‌ಗಿಂತ ಸ್ಟ್ರಿಕ್ಟ್. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬಾರದು, ಗೇರಿನಲ್ಲಿರಬೇಕು, ಮುಂದಿನ ಚಕ್ರ ದಿಣ್ಣೆಯ ಕಡೆ ತಿರುಗಿರಬೇಕು, ಗಾಲಿಯ ಹಿಂದೆ ಕಲ್ಲಿರಬೇಕು. ಕಲ್ಲೇ. ನಮ್ಮ ಸೀಮೆಯವರಿಗೆ ಎಲ್ಲಕ್ಕೂ ಕೈಗೆ ಸಿಗುವುದು ಮಟ್ಟೆ, ತೆಂಗಿನಕಾಯಿ ಸುಲಿದ ನಾರಿನ ಸಿಪ್ಪೆ. ಒಲೆಗೂ ಅದೇ, ಪಾತ್ರೆ ಉಜ್ಜಲೂ ಅದೇ, ಗಾಡಿಯ ಗಾಲಿಗೂ ಅದೇ. "ಮಟ್ಟೆ ಕೊಟ್ಟು ಜೀಪ್ ನಿಲ್ಲುಸ್ತೀರಲ್ಲ, ನೂಲ್ನಾಗೆ ಎಮ್ಮೆ ಕಟ್ಟಾಕ್ದಂಗೆ" ಎಂದು ನಗುತ್ತಿದ್ದರು.

ಒಂದು ದಿನ ತೋಟದ ಏರಿನಲ್ಲೇ ಮುಂದಿನ ಚಕ್ರ ಕಿರ್ರೆಂದು ನಿಂತಿತು. ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿದೆವು. ಯಜಮಾನರು ಮೇಲೆ ಬಾವಿಯ ಹತ್ತಿರ ಇದ್ದರು. ಮೇಸ್ತ್ರಿ ಮುಂದೆ ಜಾಕ್ ಇಡುತ್ತಾ, "ಅಮ್ಮಾವ್ರೇ, ಹಿಂದ್ಲ ಗಾಲಿಗೆ ಎರಡು ಕಲ್ಲು ಕೊಡ್ರೀ" ಎಂದರು. ಹೋಗಿ ಒಂದು ಕಲ್ಲು ಮಗುಚಿದೆ, ಅಡಿಯಲ್ಲಿ ಚೇಳು. ಕೈ ಹಿಂದಕ್ಕೆಳೆದುಕೊಂಡೆ. ಪಕ್ಕದಲ್ಲೇ ಮಟ್ಟೆಯ ರಾಶಿ... ಎರಡನ್ನು ತಂದು ಗಾಲಿಗಳ ಹಿಂದೆ ಸಿಕ್ಕಿಸಿದೆ.

"ಕೊಟ್ರಾ?"

"ಕೊಟ್ಟೆ."

ಅವರು ಎದ್ದು ಬಂದು ನೋಡಲಿಲ್ಲ. ಇಂಗ್ಲಿಷ್ ಟೀಚರಮ್ಮ ಹೇಳಿದ ಮೇಲೆ ನೋಡುವುದೇನು? ಚಕ್ರವನ್ನು ಕೈಯಲ್ಲಿ ತಿರುಗಿಸಿ ಪರೀಕ್ಷಿಸಲೆಂದು ಫೋರ್ ವೀಲ್ ಲಿವರನ್ನು ನ್ಯೂಟ್ರಲ್ ಮಾಡಿ ಬಂದು ಕೂತರು. ಅದರಿಂದ ಚಕ್ರಗಳಿಗೆ ಗೇರಿನ ಹಿಡಿತ ತಪ್ಪಿತು. ಸವೆದ ಹ್ಯಾಂಡ್ ಬ್ರೇಕ್ ಜಾರಿತು, ಮಟ್ಟೆಗಳು ಅಪ್ಪಚ್ಚಿಯಾದವು. ಜಾಕ್ ಉರುಳಿ, ಚಕ್ರ ಅವರ ಬಲಗೈ ಮೇಲೆ ಹತ್ತಿ ಇಳಿಯಿತು. ಜೀಪು ದಿಣ್ಣೆಗೆ ಒರಗಿ ನಿಂತಿತು.

ಯಜಮಾನರು ಓಡಿ ಬರುವಷ್ಟರಲ್ಲಿ ಮೇಸ್ತ್ರಿ, ಟವೆಲ್ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಆ ಮಟ್ಟೆಗಳನ್ನು ಕಾಲಿನಿಂದ ಚರಂಡಿಗೆ ತಳ್ಳಿದ್ದರು. ನನ್ನ ಮುಖ ನೋಡಲಿಲ್ಲ.

"ಇಷ್ಟು ವರ್ಷ ಕೆಲಸ ಮಾಡಿ ಗಾಲಿಗೆ ಕಲ್ಲು ಕೊಡೋದು ಮರೆತ್ಯೇನಯ್ಯಾ?" ಎಂದರು ಯಜಮಾನರು.

"ಮರ್ತೆ ಸ್ವಾಮಿ. ಗ್ಯಾನ ಎತ್ಲಾಗೋ ಇತ್ತು."

ನಾನು ಬಾಯಿ ಬಿಡಲಿಲ್ಲ. ಅವರಿಗೆ ಮೂರು ಬೆರಳು ಹೋದವು. ಸ್ಪ್ಯಾನರ್ ಹಿಡಿಯಲಾಗದೆ ಶೆಡ್ ಮುಚ್ಚಿ ತಮ್ಮ ಊರು ದಂಡಿನಶಿವರಕ್ಕೆ ಹೊರಟುಹೋದರು. ಯಾರಿಗೆ ಕಾಲು ತಗುಲಿದರೂ ಸಾರಿ ಎನ್ನಲು ಕಲಿತವಳು ನಾನು... ಅವರಿಗೆ ಮಾತ್ರ ಹೇಳಲಿಲ್ಲ. ಮೊದಲು ಯಜಮಾನರ ಭಯ, ಆಮೇಲೆ ನಾಚಿಕೆ, ಆಮೇಲೆ ಅಭ್ಯಾಸ.

ಗಾಡಿ ರಿಪೇರಿಯಾದ ಮೇಲೆ, ನಿನ್ನೆ, ಮೊಮ್ಮಗಳನ್ನು ಕರೆದುಕೊಂಡು ದಂಡಿನಶಿವರಕ್ಕೆ ಹೋದೆ. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿದೆಯಂತೆ. ಅವರ ಹೆಂಡತಿ ಜಗಲಿಯ ಮೇಲೆ ಚಾಪೆ ಹಾಸಿದರು.

"ಅವರ ಕೈ..." ಎಂದೆ.

"ಅಯ್ಯೋ, ಆ ಕೈಗೆ ನಾನು ಬೈದಿದ್ದು ಒಂದಾ ಎರಡಾ ಕಣವ್ವಾ! ಕಲ್ಲು ಕೊಡೋದು ಮರೆಯೋ ಗಂಡ್ಸು ನಂಗೇ ಗಂಟು ಬಿದ್ಯಲ್ಲಾ ಅಂತ ಸಾಯೋಗಂಟ ಬೈದೆ. ಒಂದಿನಾನೂ ಎದುರಾಡ್ಲಿಲ್ಲ ಪುಣ್ಯಾತ್ಮ."

ಆಗ ಹೇಳಿದೆ. ಚೇಳು, ಮಟ್ಟೆ, ನನ್ನ ಸುಳ್ಳು, ಎಲ್ಲವನ್ನೂ.

ಆಕೆ ತಮ್ಮ ಅಂಗೈಯನ್ನು ನೋಡಿಕೊಂಡರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದರು. ಒಳಗಿನಿಂದ ಒಂದೇ ಮಾತು ಕೇಳಿಸಿತು, ನನಗೆ ಹೇಳಿದ್ದಲ್ಲ, ತೀರಿಕೊಂಡ ಗಂಡನಿಗೆ. "ನಂಗಾದ್ರೂ ಹೇಳ್ಬಾರ್ದಿತ್ತಾ..."

ಮತ್ತೆ ಹೊರಗೆ ಬರಲಿಲ್ಲ. ಚಾಪೆ ಸುತ್ತಿಟ್ಟು ನಾನು ಗಾಡಿ ಹತ್ತಿದೆ.