ಇಲಿಗಳ ಯಕೃತ್ತು, ಅಣ್ಣನ ಯಕೃತ್ತು

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಹುಣಸೂರಿನ ಗಂಡನ ಮನೆಯಿಂದ ದಿನವೂ ಬಸ್ಸು. ಹೋಗುವಾಗ ಸೀಟು ಸಿಕ್ಕರೂ ಬರುವಾಗ ನಿಂತೇ ಬರಬೇಕು. ಕೆಲಸ ಇಷ್ಟೇ: ಒಂದು ಗುಂಪಿನ ಇಲಿಗಳಿಗೆ ಮಾಮೂಲಿ ಆಹಾರ, ಇನ್ನೊಂದಕ್ಕೆ ಹಂದಿಕೊಬ್ಬು ಕಲಸಿದ ಆಹಾರ. ಗೊತ್ತುಮಾಡಿದ ವಾರಗಳಲ್ಲಿ ಕೆಲವನ್ನು ಕೊಂದು, ಯಕೃತ್ತು ತೆಗೆದು, ಕೆಡುವ ಮೊದಲೇ ಹೆಪ್ಪುಗಟ್ಟಿಸಬೇಕು. ಅದರಲ್ಲಿ ಯಾವ ಜೀನ್ ಚುರುಕಾಗಿದೆ, ಯಾವುದು ಮಂಕಾಗಿದೆ ಎಂದು ನೋಡುವವರು ಬೇರೆ.

ಕೈಗೆ ಹತ್ತಿದ ಜಿಡ್ಡು ಸೋಪಿಗೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಾಗ ಹೊರಗೆ ಹೋಗಿ ನಿಲ್ಲುತ್ತಿದ್ದೆ. ಮೊದಮೊದಲು ತೆಗೆದ ಯಕೃತ್ತುಗಳು ಕೆಂಪಗೇ ಇದ್ದವು. ತಿಂಗಳು ಕಳೆದಂತೆ ಬಿಳಿಚಿ, ಹಳದಿಗಟ್ಟಿ, ಬೆರಳಿಂದ ಜಾರತೊಡಗಿದವು. ಆದರೆ ಪ್ರಯೋಗ ನಡೆಸುತ್ತಿದ್ದ ಮೇಡಂ ತೋರಿಸಿದ ಫಲಿತಾಂಶದಲ್ಲಿ, ಕಣ್ಣಿಗೆ ಏನೂ ಕಾಣದ ಮೊದಲ ವಾರದಲ್ಲೇ ಜೀನ್‌ಗಳು ಅಲ್ಲೋಲಕಲ್ಲೋಲವಾಗಿದ್ದವು. ಕೊಬ್ಬನ್ನು ಉರಿಸುವಂಥವು ಮೇಲೆದ್ದಿದ್ದವು. ಆಮೇಲೆ ಒಗ್ಗಿಹೋದಂತೆ ಒಂದಷ್ಟು ಕಾಲ ತಣ್ಣಗಿದ್ದವು. ಅದೂ ಕಳೆದ ಮೇಲೆ ಉರಿಯೂತದ ಜೀನ್‌ಗಳು ನಿಧಾನವಾಗಿ ಏರಿದ್ದವು.

ಅದೇ ವರ್ಷ ತವರೂರು ಹನಗೋಡಿನಿಂದ ಅಣ್ಣ ನಮ್ಮ ಮನೆಗೆ ಬಂದ. ಹುಣಸೂರಿಗೆ ಹೊಗೆಸೊಪ್ಪಿನ ಹರಾಜಿಗೆ ಬಂದಾಗಲೆಲ್ಲ ಸ್ನೇಹಿತರೊಂದಿಗೆ ಪರೋಟ, ಹಂದಿ ಫ್ರೈ ತಿನ್ನುವವನು, ಕುಡಿತವಿಲ್ಲ. ಸುಸ್ತೆಂದು ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ಕೊಬ್ಬು ಎಂದಿದ್ದರು. ಕುಡುಕನೆಂದು ಊರವರು ಆಡಿಕೊಂಡಾರೆಂಬುದೇ ಅವನ ದೊಡ್ಡ ಚಿಂತೆ. ನಾನು ಇಲಿಗಳ ಕಥೆಯನ್ನೆಲ್ಲ ಹೇಳಿದೆ.

"ನೋವಿಲ್ಲ, ಏನಿಲ್ಲ. ನಂಗೂ ಒಗ್ಗೋಗದೆ ಬುಡವ್ವ," ಎಂದ.

"ಒಗ್ಗಿದಂಗೆ ಕಾಣೋದು ಕಣಣ್ಣ. ಒಳಗೆ ಅದು ಸುಮ್ನಿರಕಿಲ್ಲ."

ಹೊರಡಲು ಚಪ್ಪಲಿ ಮೆಟ್ಟುತ್ತ ಕೇಳಿದ: "ಕೊಬ್ಬು ನಿಲ್ಸುದ್ರೆ ನಿನ್ ಇಲಿಗೊಳು ಸರಿಹೋಯ್ತವಾ?"

ನಾವು ಯಾವ ಇಲಿಗೂ ಕೊಬ್ಬು ನಿಲ್ಲಿಸಿ ನೋಡಿರಲಿಲ್ಲ. ಉಳಿದ ಕೆಲವಕ್ಕಾದರೂ ಮಾಮೂಲಿ ಆಹಾರ ಕೊಟ್ಟು ನೋಡೋಣವೇ ಎಂದು ಮೇಡಂ ಅವರನ್ನು ಕೇಳಿದೆ. ಯೋಜನೆಯ ಅವಧಿ ಮುಗಿಯಿತಮ್ಮ ಎಂದರು, ಅವರೂ ದಣಿದಿದ್ದರು. ಉಳಿದವನ್ನೂ ಕೊಂದೆವು. ನನ್ನ ಕೆಲಸವೂ ಮುಗಿಯಿತು.

ಅಣ್ಣ ಡಾಕ್ಟರ ಮಾತಿಗೆ ಹಂದಿ ಬಿಟ್ಟ, ಹೊಳೆಯ ದಂಡೆಯಲ್ಲಿ ನಡೆದ. ಮುಂದಿನ ಸ್ಕ್ಯಾನಿನಲ್ಲಿ ಕೊಬ್ಬು ಇಳಿದಿತ್ತು. ಮತ್ತೆ ಹರಾಜು ಶುರುವಾಯಿತು, ಪರೋಟವೂ ಶುರುವಾಯಿತು. ಹೇಳಿ ಹೇಳಿ ನನಗೂ ಸಾಕಾಯಿತು. ಈಗ ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಕರೆದೊಯ್ಯುತ್ತೇನೆ. ಅಷ್ಟಕ್ಕೆ ಮಾತ್ರ ಜಗಳವಿಲ್ಲದೆ ಬರುತ್ತಾನೆ.