ಮಾಣಿಯ ಮೂಗು

ಚೆನ್ನೈನ ವಡಪಳನಿಯ ನಮ್ಮ ಫ್ಲ್ಯಾಟಿಗೆ ನಾಯಿಮರಿ ಬಂದ ದಿನ ನಾನು ಯಾರೊಂದಿಗೂ ಮಾತಾಡಲಿಲ್ಲ. ಶಾಲೆಗೆ ಹೋಗುತ್ತಿದ್ದ ಮಗಳು ಹಟ ಹಿಡಿದು ಅಪ್ಪನ ಕೈಯಲ್ಲಿ ತರಿಸಿಕೊಂಡಿದ್ದಳು. ಬೀಗಲ್ ಜಾತಿಯದು. ಮೈ ಇಷ್ಟೇ ಇಷ್ಟು, ಕಿವಿಗಳು ಮಾತ್ರ ಯಾವುದೋ ದೊಡ್ಡ ನಾಯಿಯಿಂದ ಕಡ ತಂದ ಹಾಗೆ ಜೋಲುತ್ತಿದ್ದವು. ಗಂಡನಿಗೆ ಬೆಳಗಾದರೆ ಹೋಟೆಲು, ಮಗಳಿಗೆ ಶಾಲೆ. ಉಚ್ಚೆ ಒರೆಸಲು ನಾನೊಬ್ಬಳು ಪುಕ್ಕಟೆ ಸಿಕ್ಕಿದ್ದೆ. ಅತ್ತೆಯ ಮೇಲೆ ನನಗೆ ಭರವಸೆಯಿತ್ತು. ಕುಂದಾಪುರದ ಕಡೆಯ ಕಟ್ಟಾ ಮಡಿಯ ಹೆಂಗಸು. ಮೊಟ್ಟೆ ಹಾಕಿದ ಕೇಕು ಮೇಜಿನ ಮೇಲಿಟ್ಟರೆ ಮೇಜನ್ನೇ ತೊಳೆಸುವವರು. ಇವರೊಮ್ಮೆ ಗದರಿದರೆ ನಾಯಿ ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತದೆ ಅಂದುಕೊಂಡಿದ್ದೆ.

ಮರಿ ನೆಲ ಮೂಸುತ್ತ ಮೂಸುತ್ತ ದೇವರ ಕೋಣೆಯ ಹೊಸ್ತಿಲ ತನಕ ಹೋಗಿ, ನೈವೇದ್ಯದ ಪಾಯಸದ ದಿಕ್ಕಿಗೆ ಮುಖ ಮಾಡಿ ಕೂತಿತು. ಒಳಗೆ ಕಾಲಿಡಲಿಲ್ಲ. ಅಷ್ಟಕ್ಕೇ ಅತ್ತೆ ಕರಗಿಹೋದರು. ನಮ್ಮ ಕಡೆ ಹುಡುಗನಿಗೆ ಮಾಣಿ ಅನ್ನುತ್ತೇವೆ. ಮಗಳಿಟ್ಟ ಇಂಗ್ಲಿಷ್ ಹೆಸರು ಅತ್ತೆಯ ನಾಲಿಗೆಗೆ ಹೊರಳದೆ, ಅವನು ಆ ದಿನವೇ ಮಾಣಿಯಾದ.

ನಾಯಿ ಡಾಕ್ಟರು ತಮಿಳಿನವರು, ತಾಳ್ಮೆಯ ಮನುಷ್ಯ. ಇದು ಮೊಲದ ಬೇಟೆಗೆಂದು ಬೆಳೆಸಿದ ಜಾತಿ, ಮೂಗು ಹೇಳಿದ ಕಡೆ ಹೋಗುತ್ತದೆ, ನೀವು ಕೂಗಿದ್ದು ಕೇಳುವುದಿಲ್ಲ, ಬೀದಿಯಲ್ಲಿ ಬೆಲ್ಟು ಬಿಡಬೇಡಿ ಅಂದರು. ವಾರಕ್ಕೊಮ್ಮೆ ಕಿವಿಯ ಒಳಗೆ ಒರೆಸಬೇಕು, ಬಿಸಿಲೇರುವ ಮೊದಲು ತಿರುಗಾಡಿಸಬೇಕು, ಊಟ ಅಳತೆಯಲ್ಲಿ ಹಾಕಬೇಕು. ಈ ಜಾತಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ ಬಾಳುತ್ತದೆ ಅಂದರು. ಹದಿಮೂರು ವರ್ಷ ಇವನ ಚಾಕರಿಯೇ ಎಂದು ನಾನು ಹಣೆ ಚಚ್ಚಿಕೊಂಡೆ. ಮೊಲದ ಮಾತು ಕೇಳಿ ಅತ್ತೆ ಮಾತ್ರ ನಕ್ಕು, "ಇಲ್ ಮೊಲ ಎಲ್ಲಿತ್ತ್, ಪಾಪ" ಅಂದರು.

ಮೊಲ ಇಲ್ಲದಿದ್ದರೇನು, ಬೀದಿಯ ಅಂಗಡಿಗಳಲ್ಲಿ ವಡೆ ಇತ್ತಲ್ಲ. ಒಂದೂವರೆ ವರ್ಷದಲ್ಲಿ ಬೆಳೆದು ನಿಂತವನು ಬೆಳಗಿನ ಹೊತ್ತು ನನ್ನನ್ನು ಬೀದಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದ. ಬಾಲದ ಬಿಳಿ ತುದಿ ಮೇಲೆ, ಮೂಗು ನೆಲಕ್ಕೆ. ಗಂಡನ ಸ್ಕೂಟರು ಇನ್ನೂ ಮೂಲೆಯಲ್ಲಿರುವಾಗಲೇ, ಅವರ ಅಂಗಿಗೆ ಹತ್ತಿದ ಸಾಂಬಾರಿನ ವಾಸನೆಗೆ ಕತ್ತೆತ್ತಿ ಊಳಿಡುತ್ತಿದ್ದ. ಆ ಊಳಿಗೆ ಕೆಳಗಿನ ಮನೆಯ ಮಾಮಿಯ ಜೊತೆ ನಾನು ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ನಾನು ಬೈದರೆ ಸರಿ, ನಮ್ಮ ನಾಯಿಯನ್ನು ಬೈಯಲು ಅವರು ಯಾರು?

ಅಳತೆಯ ಊಟ ಮಾತ್ರ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಅತ್ತೆಗೆ ದಿನಾ ಅಡುಗೆ ಮುಗಿದ ಕೂಡಲೇ ಗೋಗ್ರಾಸ ತೆಗೆದಿಡುವ ರೂಢಿ. ನೈವೇದ್ಯವಾದ ಅನ್ನ, ಮೇಲೆ ತುಪ್ಪ, ಹಬ್ಬದಲ್ಲಿ ಹೋಳಿಗೆಯ ತುಂಡು, ಇದ್ದರೆ ಪಾಯಸ. ಅದು ದನಕ್ಕೆ ಸೇರಬೇಕಾದ ಪಾಲು. ಮೂರನೇ ಮಹಡಿಗೆ ದನ ಎಲ್ಲಿಂದ ಬರಬೇಕು? ಪಾಲು ಮಾಣಿಗೆ ಹೋಯಿತು. ದೇವರ ಹೆಸರಲ್ಲಿ ತೆಗೆದಿಟ್ಟದ್ದು ಕೆಡುಕು ಮಾಡೀತು ಎಂದು ಅತ್ತೆಗೆ ಹೊಳೆಯುವ ಸಂಭವವೇ ಇರಲಿಲ್ಲ. ನಾವೂ ತಡೆಯಲಿಲ್ಲ, ಊಟ ಹಾಕಿ ಬದುಕಿದ ಮನೆತನದಲ್ಲಿ ಸಾಕು ಅನ್ನುವ ಮಾತೇ ಬರುವುದಿಲ್ಲ. ಅವನು ಬೀಸುವ ಕಲ್ಲಿನ ಹಾಗೆ ದಪ್ಪನಾದ. ಹತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು, ಮುಂದೆ ಕಣ್ಣೂ ಹೋಯಿತು.

ಕಣ್ಣು ಹೋದ ಮೇಲೂ ಅವನಿಗೆ ಏನೂ ಹೋದ ಹಾಗಿರಲಿಲ್ಲ. ಗೋಡೆಗೆ ಒಮ್ಮೆಯೂ ಡಿಕ್ಕಿ ಹೊಡೆಯದೆ, ಅತ್ತೆ ಯಾವ ಕೋಣೆಯಲ್ಲಿದ್ದರೂ ಮೂಸಿಕೊಂಡು ಹೋಗಿ ಅವರ ಕಾಲಬುಡದಲ್ಲಿ ಬೀಳುತ್ತಿದ್ದ. ಇಬ್ಬರೂ ಮುದುಕರು ಫ್ಯಾನಿನ ಕೆಳಗೆ ಒಟ್ಟಿಗೆ ಗೊರಕೆ ಹೊಡೆಯುವುದನ್ನು ನೋಡಿ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವನ ಮೂಗಿನಿಂದ ರಕ್ತ ಬಂತು. ಒಳಗೆ ಗಡ್ಡೆ ಬೆಳೆದಿದೆ, ಈ ವಯಸ್ಸಿಗೆ ಕೊಯ್ದು ಫಲವಿಲ್ಲ ಅಂದರು ಡಾಕ್ಟರು. ನಾಯಿ ಮೊದಲು ಮೂಗಿನಿಂದ ಉಣ್ಣುತ್ತದೆ, ವಾಸನೆ ಪೂರ್ತಿ ಹೋದರೆ ಅನ್ನ ಬಿಡುತ್ತದೆ, ಆಮೇಲೆ ನರಳಿಸುವುದು ಬೇಡ, ಒಂದು ಇಂಜೆಕ್ಷನ್ ಕೊಟ್ಟು ಮಲಗಿಸೋಣ ಎಂದು ಮೆಲ್ಲಗೆ ಹೇಳಿದರು. ಗಂಡ ತಲೆಯಾಡಿಸಿದರು. ಕೊಯಮತ್ತೂರಿನ ಬ್ಯಾಂಕಿನಲ್ಲಿರುವ ಮಗಳು ಫೋನಿನಲ್ಲಿ ತಮಿಳಿನಲ್ಲಿ ಅಳುತ್ತ, ಹಾಗೇ ಮಾಡಿ ಅಂದಳು. ಅತ್ತೆ ಒಪ್ಪಲಿಲ್ಲ.

"ನನ್ ಕೈಯಿಂದ ಉಂಬುದನ್ನ ಕೊಲ್ಲುಕೆ ನಾ ಬಿಡುದಿಲ್ಲೆ" ಅಂದರು. ಉಣ್ಣುವವರೆಗೆ ಅವನು ಇರಬೇಕು. ಅದೇ ತೀರ್ಮಾನವಾಯಿತು.

ಅಲ್ಲಿಂದ ಉಣಿಸುವುದೊಂದೇ ಅತ್ತೆಯ ಕೆಲಸ. ಅನ್ನವನ್ನು ಬಿಸಿ ಮಾಡಿದರು, ಇಂಗು ಹಾಕಿದರು, ತುಪ್ಪ ಕಾಯಿಸಿ ಮೂಗಿನ ಹತ್ತಿರ ಹಿಡಿದರು. ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಮಾಂಸದ ಸಾರು ಕೊಟ್ಟು ನೋಡಿ, ಮೀನು ಕೊಟ್ಟು ನೋಡಿ, ಕಟುವಾದ ವಾಸನೆ ಏನಾದರೂ ತಾಗಬಹುದು ಎಂದು ಡಾಕ್ಟರು ಅಂದದ್ದನ್ನು ನಾನು ಅತ್ತೆಗೆ ಹೇಳಿರಲಿಲ್ಲ. ಹೇಳುವುದು ಹೇಗೆ? ಅವರು ಮಗನ ಬಾಯಿಯಿಂದ ಕೇಳಿಸಿಕೊಂಡರು. ಮರುದಿನ ಜಪ ಮುಗಿಸಿ ಎದ್ದು ನನ್ನನ್ನು ಕರೆದರು.

"ಒಣ್ಮೀನ್ ತಕಂಡ್ ಬಾ ಹೆಣೆ. ಆ ನಾತ ತಿಳಿಯದೆ ಇಪ್ಪ ಮೂಗ್ ಭೂಮಿ ಮೇಲೆ ಇಲ್ಲೆ."

ಸಮುದ್ರದ ಊರಿನಲ್ಲಿ ಹುಟ್ಟಿದವರಲ್ಲವೇ, ಬಾಯಿಗೆ ಇಡದಿದ್ದರೂ ಗೊತ್ತಿತ್ತು. ಶುದ್ಧ ಸಸ್ಯಾಹಾರಿ ಎಂದು ಹೋಟೆಲಿಗೆ ಬೋರ್ಡು ಹಾಕಿದವರ ಹೆಂಡತಿ ನಾನು, ಗುರುತಿನವರ ಕಣ್ಣು ತಪ್ಪಿಸಿ ದೂರದ ಬೀದಿಗೆ ಹೋಗಿ ಕರುವಾಡು ಕೊಂಡು ತಂದೆ. ತಮಿಳರು ಒಣಮೀನಿಗೆ ಹಾಗೆನ್ನುತ್ತಾರೆ. ಅತ್ತೆ ಅದನ್ನು ಮುಟ್ಟಲು ನನಗೂ ಬಿಡಲಿಲ್ಲ. ಬಾಲ್ಕನಿಯಲ್ಲಿ ಹಳೆಯ ಕಾವಲಿಯಿಟ್ಟು ತಾವೇ ಕೂತು ಸುಟ್ಟರು. ಸೆರಗು ಮೂಗಿಗೆ, ಕಣ್ಣಲ್ಲಿ ನೀರು, ಎರಡು ಸಲ ಓಕರಿಕೆ. ನಾತಕ್ಕೆ ಕೆಳಗಿನ ಮಾಮಿ ಮೇಲೆ ಬಂದು ಬಾಗಿಲು ತಟ್ಟಿದರು. ನಮ್ಮ ಮನೆಯದೇ ಎಂದರೂ ಅವರು ನಂಬಲಿಲ್ಲ.

ಮಾಣಿ ಹಾಸಿಗೆಯಲ್ಲಿ ಮಲಗಿದ್ದ. ಅತ್ತೆ ಸುಟ್ಟ ಮೀನನ್ನು ಬೆರಳಲ್ಲಿ ಮುರಿದು ಅವನ ಮೂಗಿಗೆ ತಾಗಿಸಿದರು. ಅವನು ಅಲ್ಲಾಡಲಿಲ್ಲ. ತುಟಿ ಬಿಡಿಸಿ ನಾಲಿಗೆಯ ಮೇಲಿಟ್ಟರು. ಅದು ಹಾಗೇ ಜಾರಿ ಬಿತ್ತು. ಇನ್ನೊಂದು ತುಂಡು, ಮತ್ತೊಂದು. ಸಾಕು ಅತ್ತೆ ಅಂದೆ. ಜನ್ಮದಲ್ಲಿ ಮಾಡದ್ದನ್ನು ಮಾಡಿದ ಮುದುಕಿಗೆ ದೇವರು ಒಂದು ತುತ್ತಿನ ಕರುಣೆಯನ್ನೂ ತೋರಿಸಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಬಹಳ ಹೊತ್ತಿನ ಮೇಲೆ ಅತ್ತೆಯೇ ಮೀನಿನ ತಟ್ಟೆ ದೂಡಿದರು. "ಇವ್ನಿಗೆ ಎಂತದೂ ತಿಳಿತಿಲ್ಲೆ ಹೆಣೆ. ಡಾಕ್ಟ್ರಿಗೆ ಬರುಕ್ ಹೇಳ್."

ಡಾಕ್ಟರು ಸಂಜೆ ಮನೆಗೇ ಬಂದರು. ಅತ್ತೆ ನೆಲದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸೂಜಿ ಒಳಗೆ ಹೋದದ್ದು ನೋಡಿದೆ, ಮುಂದೆ ನನ್ನಿಂದ ನೋಡಲಾಗಲಿಲ್ಲ. ಎಲ್ಲ ಮುಗಿಯಿತು ಎಂದು ಡಾಕ್ಟರು ಹೇಳಿದ ಮೇಲೂ ಅತ್ತೆ ಅವನ ಕಿವಿ ನೇವರಿಸುತ್ತಲೇ ಇದ್ದರು. ಆಮೇಲೆ ತಮಗೆ ಬರುವ ತಮಿಳಿನಲ್ಲಿ ಒಂದೇ ಮಾತು ಕೇಳಿದರು: ಕಣ್ಣಿಲ್ಲ, ಮೂಗಿಲ್ಲ; ಪಕ್ಕದಲ್ಲಿದ್ದದ್ದು ನಾನೇ ಎಂದು ಅವನಿಗೆ ಗೊತ್ತಾಗಿರಬಹುದೇ?

ಡಾಕ್ಟರು ಚೀಲದ ಜಿಪ್ಪು ಎಳೆಯುತ್ತ, ಖಂಡಿತ ಗೊತ್ತಾಗಿರುತ್ತದೆ ಅಜ್ಜಿ, ಅಂದರು. ಅತ್ತೆಯ ಮುಖ ನೋಡಲಿಲ್ಲ.

ಅತ್ತೆ ಅವರಿಗೆ ಕೈ ಮುಗಿದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿ, "ಒಳ್ಳೆ ಮನ್ಷ್ಯ, ಪಾಪ" ಅಂದರು. "ಸುಳ್ ಹೇಳ್ತ್ರ್."