ಹೆಸರು ಕೇಳಬಾರದ ಗಿಡ

ನನಗೊಂದು ರೋಗವಿದೆ. ಗುರುತಿಲ್ಲದ ಗಿಡವೊಂದು ಕಣ್ಣಿಗೆ ಬಿದ್ದರೆ ಅದರ ಹೆಸರು ತಿಳಿಯುವವರೆಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಭಾಲ್ಕಿಯ ಸರ್ಕಾರಿ ಶಾಲೆಯಲ್ಲಿ ಉರ್ದು ಕಲಿಸುವ ಮಾಸ್ತರನಾದ್ದರಿಂದ ಈ ರೋಗಕ್ಕೆ ಸಂಬಳವೂ ಸಿಗುತ್ತದೆ. ನಮ್ಮ ಸೀಮೆಯಲ್ಲಿ ಒಂದೇ ವಸ್ತುವಿಗೆ ಮನೆಯಲ್ಲೊಂದು ಕನ್ನಡದ ಹೆಸರು, ಬಜಾರಿನಲ್ಲೊಂದು ಮರಾಠಿಯ ಹೆಸರು, ಕಚೇರಿಯಲ್ಲೊಂದು ಉರ್ದುವಿನ ಹೆಸರು. ಮೂರನ್ನೂ ಬಲ್ಲೆನೆಂಬ ಸಣ್ಣ ಜಂಬ ನನಗುಂಟು.

ನಿಜವಾದ ಬೇನೆ ಇರುವುದು ನನ್ನ ಹೆಂಡತಿ ಗೌರಮ್ಮನಿಗೆ. ಅರೆತಲೆನೋವು. ಅದು ಬಂದ ದಿನ ಆಕೆ ಕಿಟಕಿ ಮುಚ್ಚಿ, ಹಣೆಗೆ ಬಟ್ಟೆ ಬಿಗಿದು, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾಳೆ. ಅವಳ ಮಾತಿನಿಂದಲೇ ತುಂಬಿರುವ ಮನೆ ಹಾಗೆ ಸುಮ್ಮನಾದರೆ ನನಗೆ ಹೆದರಿಕೆಯಾಗುತ್ತದೆ.

ಬೀದರಿನ ಹಕೀಮರು ನಾಡಿ ಹಿಡಿದು ಒಂದು ಮಾಜೂನು ಕೊಟ್ಟರು. ಆ ಲೇಹ್ಯದ ಪಾರಸಿ ಹೆಸರು ಎಷ್ಟು ಸೊಗಸಾಗಿತ್ತೆಂದರೆ ನಾನು ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಬಂದೆ. ಹೆಸರು ನನಗೆ ಹಿಡಿಸಿತು, ಮದ್ದು ಆಕೆಗೆ ಹಿಡಿಸಲಿಲ್ಲ. ಔರಾದಿನ ವೈದ್ಯರೋ ಸಂಸ್ಕೃತದ ನಿಘಂಟು ಬಿಚ್ಚಿ, ಒಂದೇ ಬೇರಿಗಿರುವ ಹತ್ತಾರು ಹೆಸರುಗಳನ್ನು ರಾಗವಾಗಿ ಓದಿದರು. ನಾನು ತಲೆದೂಗಿದೆ. ಪಕ್ಕದಲ್ಲಿ ಗೌರಮ್ಮ ತಲೆ ಹಿಡಿದುಕೊಂಡು ಕೂತಿದ್ದಳು.

ಕೊನೆಗೆ ಹೋದದ್ದು ಭಾತಂಬ್ರಾಕ್ಕೆ, ಆಕೆಯ ತವರಿನ ಕಡೆಯ ಮುದುಕಿ ನೀಲಮ್ಮಾಯಿಯ ಹತ್ತಿರ. ಅಲ್ಲಿಯ ಕಟ್ಟಳೆಯೇ ಬೇರೆ. ಬರಿ ಹೊಟ್ಟೆಯಲ್ಲಿ ಬರಬೇಕು, ಕಾಸು ಕೊಡಬಾರದು, ಸೊಪ್ಪಿನ ಹೆಸರು ಕೇಳಬಾರದು. ಹೆಸರು ಬಾಯಿಗೆ ಬಂದರೆ ಮದ್ದು ಹತ್ತುವುದಿಲ್ಲವಂತೆ. ಆಯಿ ಅಂಗೈಯಲ್ಲಿ ಸೊಪ್ಪು ತಿಕ್ಕಿ ಮೂಗಿಗೆ ರಸ ಹಿಂಡಿದಳು. ಗೌರಮ್ಮ ಸೀನಿದಳು, ಸ್ವಲ್ಪ ಹೊತ್ತು ಮಲಗಿದಳು, ಆಮೇಲೆ ಕಣ್ಣು ತೆರೆದು, "ರೊಟ್ಟಿ ಏನರ ಅದಾವೇನ್ರಿ ಆಯಿ?" ಎಂದಳು. ಸಂತೋಷಕ್ಕೆ ನನಗೆ ಅಳುವೇ ಬಂತು.

ಅಳು ನಿಂತ ಮೇಲೆ ಹಳೆಯ ರೋಗ ಎದ್ದಿತು. ಮುಂದಿನ ಸಲ ಹೋದಾಗ ನಾನು ಆಯಿಯ ಹಿಂದೆಯೇ ಬೇಲಿಯವರೆಗೆ ಮೆಲ್ಲಗೆ ನಡೆದೆ. ಆಕೆ ಬಗ್ಗಿ ಕಿತ್ತ ಸೊಪ್ಪು ಕಂಡು ನಿರಾಶೆಯಾಯಿತು. ನಮ್ಮ ಹಿತ್ತಲಲ್ಲಿ ಕಾಲಿಗೆ ತೊಡರುವ ಕಳೆ ಅದು. ಗೌರಮ್ಮ ವಾರವಾರ ಕಿತ್ತು ತಿಪ್ಪೆಗೆ ಎಸೆಯುತ್ತಾಳೆ.

"ನೋಡಿದ್ರೇನ್ರಿ ಮಾಸ್ತರ?" ಆಯಿ ತಿರುಗಿ ನೋಡದೆಯೇ ಕೇಳಿದಳು. "ಆಕಿ ಮುಂದ ಬಾಯಿ ಬಿಟ್ರ ಆಕಿ ತಲಿಬ್ಯಾನಿ ನಿಮ್ಮ ಮ್ಯಾಲ ನೋಡ್ರಿ."

"ಹೆಸರಿನಾಗ ಏನದರಿ ಆಯಿ?"

"ನನಗೇನ ಗೊತ್ತರಿ? ನಮ್ಮವ್ವ ಗಿಡ ತೋರ್ಸ್ಯಾಳ, ಹೆಸರ ಹೇಳಿಲ್ಲ."

ಮೂರು ಭಾಷೆಯಲ್ಲಿ ಆ ಹೆಸರು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಕಷ್ಟಪಟ್ಟು ನುಂಗಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮವರದೇ ತಾನೇ? ಹೆಸರು ತಿಳಿದರೆ ಇಷ್ಟೇನಾ ಎಂದು ಮೂಗು ಮುರಿಯುತ್ತಾರೆ, ಮುರಿದ ಮೂಗಿಗೆ ರಸ ಇಳಿಯುವುದಿಲ್ಲ ಎಂದು ಹಿರಿಯರು ಕಂಡುಕೊಂಡಿರಬಹುದು. ಇಲ್ಲವೇ ಇದರಲ್ಲಿ ನನಗೆ ತಿಳಿಯದ್ದು ಇನ್ನೇನೋ ಇರಬಹುದು. ಪರೀಕ್ಷೆ ಮಾಡಿ ನೋಡೋಣವೆಂದರೆ ಪಣಕ್ಕಿಡಬೇಕಾದದ್ದು ಗೌರಮ್ಮನ ತಲೆ.

ಊರಿಗೆ ಬಂದ ಮೇಲೆ ಆಕೆ ಕಳೆ ಕೀಳಲು ಕೂತಾಗಲೆಲ್ಲ ನಾನು ಹಿತ್ತಲಲ್ಲಿ ಸುಳಿದಾಡತೊಡಗಿದೆ.

"ಸಾಲಿಗಿ ಹೊತ್ತಾತು. ಈ ಕಸ ಕಾಯ್ಕೋತ ಯಾಕ ನಿಂತೀರಿ?"

"ಅದೊಂದ ಇರಲಿ ಬಿಡು. ಹೂವ ಚಂದ ಅದಾವ."

ಆಕೆ ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು. ಅಂದಿನಿಂದ ಉಳಿದ ಕಳೆಯನ್ನೆಲ್ಲ ಕಿತ್ತರೂ ಅದೊಂದನ್ನು ಮುಟ್ಟುವುದಿಲ್ಲ. ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೇ ಚೆಲ್ಲುತ್ತಾಳೆ. ಆದರೂ ತಲೆ ಸಿಡಿದಾಗ ಬಂಡಿ ಹೂಡಿಸಿ ಭಾತಂಬ್ರಾಕ್ಕೇ ಹೋಗುತ್ತಾಳೆ, ನಗುತ್ತ ಬರುತ್ತಾಳೆ.

ಆಕೆಗೆ ಗೊತ್ತೋ, ಗೊತ್ತಿಲ್ಲವೋ? ಗೊತ್ತಿದ್ದರೆ ಮದ್ದು ಹ್ಯಾಗೆ ಹತ್ತುತ್ತದೆ? ಒಂದು ಮಾತು ಕೇಳಿದರೆ ತೀರಿಹೋಗುವ ಸಂಶಯ. ಕೇಳಿಯೇಬಿಡೋಣವೆಂದು ಎಷ್ಟೋ ಸಲ ಒಲೆಯ ಹತ್ತಿರ ಹೋಗುತ್ತೇನೆ. ಆಕೆ ರೊಟ್ಟಿ ಬಡಿಯುತ್ತ, ನೆರೆಮನೆಯ ಸೊಸೆಯಿಂದ ಹಿಡಿದು ತಹಸೀಲ್ದಾರರ ಕುದುರೆಯವರೆಗೆ ಊರ ಸುದ್ದಿಯನ್ನೆಲ್ಲ ಹೇಳುತ್ತಿರುತ್ತಾಳೆ. ತೆರೆದ ಬಾಯಿಯನ್ನು ಮುಚ್ಚಿಕೊಂಡು ಕೂತು ಕೇಳುತ್ತೇನೆ.

ಆ ಗಿಡದ ಹೆಸರು ನೀವೂ ಕೇಳಬೇಡಿ, ನಿಮಗೂ ಎಂದಾದರೂ ಅರೆತಲೆನೋವು ಬಂದೀತು. ನಮ್ಮ ಮನೆಯಲ್ಲಿ ಔಷಧಿ ಅವಳಿಗೆ, ಪಥ್ಯ ನನಗೆ.